ಎರಡೂ ಮೂಲ ಒಂದೇ ಆದಾಗ

ನಮ್ಮನೆ ಅಡುಗೆಮನೆಯ ಅಟ್ಟದಲ್ಲಿ ಎರಡು ಸ್ಟೀಲ್ ಟಿಫಿನ್ ಡಬ್ಬಿಗಳಿವೆ. ಮೊನ್ನೆ ಅಮ್ಮ ಧೂಳು ಹೊಡೆಯುವಾಗ ಅವನ್ನು ಕೆಳಗಿಳಿಸಿದಳು. ಎರಡರ ಮುಚ್ಚಳದ ಮೇಲೂ ಕಡೂರಿನ ಪಾತ್ರೆ ಅಂಗಡಿಯವನು ಗುರ್ರ್ ಎನ್ನುವ ಮೆಷಿನ್ನಿನಲ್ಲಿ ಕೊರೆದ ಒಂದೇ ಹೆಸರು: ಹೆಚ್. ಆರ್. ಕಲ್ಲೇಶ್. ನೋಡಿದವರು ಈ ಹುಡುಗನಿಗೆ ಮಧ್ಯಾಹ್ನಕ್ಕೆ ಎರಡು ಡಬ್ಬಿ ಊಟ ಬೇಕಾಗುತ್ತಿತ್ತು ಅಂದುಕೊಳ್ಳಬಹುದು. ಬೇಕಾಗುತ್ತಿತ್ತು, ಅದು ಬೇರೆ ವಿಷಯ. ಆದರೆ ಎರಡನೇ ಡಬ್ಬಿಯ ಕಲ್ಲೇಶ ನಾನಲ್ಲ. ಅವನು ನನ್ನ ಚಿಕ್ಕಪ್ಪನ ಮಗ.

ಇದು ಹೇಗಾಯಿತು ಅಂದರೆ, ಹಿರೇನಲ್ಲೂರಿನಲ್ಲಿ ಕಲ್ಲೇಶಪ್ಪ ಅಂತ ನಮ್ಮ ತಾತ ಇದ್ದರು. ಅವರು ತೀರಿಕೊಂಡ ವರ್ಷ ಮನೆಯ ಇಬ್ಬರು ಸೊಸೆಯಂದಿರೂ ಬಸುರಿ. ಅಮಾವಾಸ್ಯೆಗೆ ಮುಂಚೆ ನಾನು ಹುಟ್ಟಿದೆ. ಅಮಾವಾಸ್ಯೆ ಕಳೆದ ಮೇಲೆ ಅವನು ಹುಟ್ಟಿದ. ತಾತನ ಹೆಸರು ಯಾರಿಗೆ ಅನ್ನುವ ಪ್ರಶ್ನೆ ಎದ್ದಾಗ ಅಜ್ಜಿ ಒಂದೇ ಮಾತಿಗೆ ಪಂಚಾಯ್ತಿ ಮುಗಿಸಿದಳಂತೆ.

"ಒಬ್ನಿಗಿಟ್ಟು ಇನ್ನೊಬ್ನಿಗೆ ಬಿಟ್ರೆ ಅವ್ರು ಮುನಿಸ್ಕೊಂತಾರೆ. ಇಬ್ರಿಗೂ ಇಡ್ರಿ, ಅತ್ಲಾಗೆ."

ಇಟ್ಟರು. ಇನಿಷಿಯಲ್ಲಾದರೂ ನಮ್ಮನ್ನು ಕಾಪಾಡಬಹುದಿತ್ತು. ಆದರೆ ನಮ್ಮಪ್ಪ ರುದ್ರಪ್ಪ, ಚಿಕ್ಕಪ್ಪ ರಾಜಪ್ಪ. ಊರಿನ 'ಹೆಚ್' ಒಂದೇ, ಅಪ್ಪಂದಿರ 'ಆರ್' ಒಂದೇ. ಬ್ರಹ್ಮ ಜೆರಾಕ್ಸ್ ಅಂಗಡಿಯಲ್ಲಿ ಕೂತು ನಮ್ಮ ಹಣೆಬರಹ ಬರೆದನೋ ಏನೋ!

ಈ ಕತೆಯಲ್ಲಿ ನಿಜವಾದ ಮಜಾ ಅಜ್ಜಿಯದು. ಅವಳು ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳೇ ಅಲ್ಲ. ರೇಷನ್ ಕಾರ್ಡಿನವರು ಬಂದು ಕೇಳಿದಾಗಲೂ ಪಕ್ಕದ ಮನೆಯವರನ್ನು ಕರೆದು ಅವರ ಬಾಯಲ್ಲಿ ಹೇಳಿಸಿದವಳು. ಈಗ ತಾನೇ ಹಟ ಹಿಡಿದು ಇಡಿಸಿದ ಹೆಸರಿನಿಂದ ಮೊಮ್ಮಕ್ಕಳನ್ನು ಕರೆಯುವ ಹಾಗಿಲ್ಲ. ಹಾಗಾಗಿ ನಾನು ತೊಟ್ಟಿಲಲ್ಲಿದ್ದಾಗಲೇ 'ಯಜಮಾನ್ರು' ಆದೆ. ಗಂಡನ ಹೆಸರು ಹೊತ್ತವನಿಗೆ ಏಕವಚನ ಸಲ್ಲದು ನೋಡಿ, ಬೈಯುವುದೂ ಬಹುವಚನದಲ್ಲೇ. "ಯಜಮಾನ್ರೇ, ಯಾವ್ ಚರಂಡೀಲಿ ಬಿದ್ದು ಹೊಳ್ಳಾಡ್ ಬಂದ್ರಿ? ಬನ್ನಿ ಇತ್ಲಾಗೆ, ಬೆನ್ ಮುರೀತೀನಿ ನಿಮ್ದು!" ಇಷ್ಟು ಮರ್ಯಾದೆಯಿಂದ ಒದೆ ತಿಂದ ಹುಡುಗ ಕಡೂರು ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲ. ತಪ್ಪಾಯಿತು, ಇನ್ನೊಬ್ಬನಿದ್ದ. ಅವನು 'ಸಣ್ ಯಜಮಾನ್ರು'.

ಊರಿನವರೂ ಅದೇ ದಾರಿ ಹಿಡಿದರು. ನಾನು ಕಲ್ಲೇಶ. ಅವನು ಸಣ್ಕಲ್ಲ. ಹುಟ್ಟಿದ್ದರಲ್ಲಿ ನಾನು ಮುಂದೆ ಅನ್ನುವುದೊಂದೇ ಕಾರಣಕ್ಕೆ ನನ್ನ ಹೆಸರು ಬೋಳಾಗಿ, ರಾಜನ ಥರ ನಿಂತಿತು. ಅವನ ಹೆಸರಿಗೆ ಮುಂದೊಂದು ಗುರುತು ಅಂಟಿಕೊಂಡಿತು. ಅವನು ನನಗಿಂತ ಅರ್ಧ ಅಡಿ ಎತ್ತರ ಬೆಳೆದ ಮೇಲೂ ಅವನು ಸಣ್ಕಲ್ಲನೇ.

ಈಗ ಗಣಿತಕ್ಕೆ ಬರೋಣ. ಹೆದರಬೇಡಿ, ಪಕ್ಕದಲ್ಲಿ ನಾನಿದ್ದೇನೆ.

ಇಬ್ಬರೂ ಕಡೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದೆವು. ಕ್ಲಾಸೂ ಒಂದೇ, ಬೆಂಚೂ ಒಂದೇ. ಎರಡನೇ ವರ್ಷ ಶೈಲಜಾ ಮೇಡಂ ಸೆಕೆಂಡ್ ಆರ್ಡರ್ ಡಿಫರೆನ್ಶಿಯಲ್ ಈಕ್ವೇಶನ್ ಶುರುಮಾಡಿದರು. ಹೆಸರು ಕೇಳಿದರೆ ಜ್ವರ ಬರುತ್ತದೆ, ಆದರೆ ಒಳಗೆ ಸಾಧು ಪ್ರಾಣಿ. ಯಾವುದೋ ಒಂದು ಓಡಾಡುತ್ತಿದೆ, ಹೊತ್ತನ್ನು x ಅನ್ನೋಣ. ಅದರ ಜಾಗ (y), ವೇಗ (y′), ವೇಗ ಬದಲಾಗುವ ಬಗೆ (y″) ಇವುಗಳ ನಡುವಿನ ಸಂಬಂಧ ಮಾತ್ರ ನಿಮಗೆ ಗೊತ್ತು. ಅದರ ಪೂರ್ತಿ ಸಂಚಾರವನ್ನು ನೀವು ಹೇಳಬೇಕು. ಅದಕ್ಕೊಂದು ಉಪಾಯವಿದೆ. ಈಕ್ವೇಶನ್ನಿನ ಬದಲು ಒಂದು ವರ್ಗ ಸಮೀಕರಣ ಬರೆದುಕೊಳ್ಳಿ. ಹೈಸ್ಕೂಲಿನಲ್ಲಿ ಮಾಡುತ್ತಿದ್ದೆವಲ್ಲ, ಅದೇ. ಅದಕ್ಕೆ ಎರಡು ಮೂಲ ಬರುತ್ತವೆ. 2 ಮತ್ತು 5 ಬಂದವು ಅನ್ನಿ. ಒಂದರಿಂದ e²ˣ, ಇನ್ನೊಂದರಿಂದ e⁵ˣ. ಎರಡಕ್ಕೂ ಒಂದೊಂದು ಕಾನ್‌ಸ್ಟೆಂಟ್, ಅಂದರೆ ಬದಲಾಗದ ಸಂಖ್ಯೆ, ಕೊಟ್ಟು ಕೂಡಿಸಿದರೆ ಉತ್ತರ ತಯಾರು.

ಎರಡು ಯಾಕೆ ಬೇಕು, ಒಂದು ಸಾಲದೇ ಅನ್ನುತ್ತೀರಿ. ಇದನ್ನು ನಾನು ಅಜ್ಜಿಗೇ ವಿವರಿಸಿದವನು, ನೀವು ಯಾವ ಲೆಕ್ಕ! ಬೀರೂರಿನಿಂದ ಬರುವ ಬಸ್ಸು ಈಗ ಎಲ್ಲಿದೆ ಅಂತ ಮಾತ್ರ ಗೊತ್ತಾದರೆ ಅದು ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ರೈಲ್ವೆ ಗೇಟಿನ ಹತ್ತಿರ ಇದೆ, ಸರಿ. ಓಡುತ್ತಿದೆಯೋ, ಡ್ರೈವರ್ ಟೀ ಕುಡಿಯುತ್ತಿದ್ದಾನೋ? ಜಾಗವೂ ಬೇಕು, ವೇಗವೂ ಬೇಕು. ಎರಡು ಸುಳಿವಿಗೆ ಎರಡು ಕಾನ್‌ಸ್ಟೆಂಟ್. ಇಷ್ಟು ಕೇಳಿ ಅಜ್ಜಿ, "ಯಜಮಾನ್ರೇ, ಬಸ್ ಬಂದ್ಮೇಲೆ ಹೋದ್ರಾಯ್ತು ಬಿಡ್ರಿ, ಅದಕ್ಯಾಕ್ ಇಷ್ಟ್ ಒದ್ದಾಡ್ತೀರಿ" ಅಂದಳು.

ಒದ್ದಾಟ ಶುರುವಾಗುವುದು ಎರಡೂ ಮೂಲ ಒಂದೇ ಆದಾಗ. y″ − 6y′ + 9y = 0 ಅಂತ ಮೇಡಂ ಬೋರ್ಡಿನ ಮೇಲೆ ಬರೆದರು. ಮೂಲಗಳು 3, 3. ಇಡೀ ಕ್ಲಾಸು ಉತ್ಸಾಹದಿಂದ e³ˣ ಒಂದು ಸಲ, e³ˣ ಇನ್ನೊಂದು ಸಲ ಬರೆದು ಕೂಡಿಸಿತು. ಕೂಡಿಸಿದರೆ ಏನಾಗುತ್ತದೆ? ಒಂದೇ e³ˣ, ಒಂದೇ ಕಾನ್‌ಸ್ಟೆಂಟ್. ಮನೆಗೆ ಇಬ್ಬರು ನೆಂಟರು ಬರುತ್ತಾರೆ ಅಂತ ಅಕ್ಕಿ ನೆನೆಹಾಕಿದರೆ ಒಬ್ಬನೇ ಎರಡು ಸಲ ಬಾಗಿಲು ತಟ್ಟಿದ ಹಾಗೆ. ಆಗ ಮೇಡಂ ಹೇಳಿದರು: ಎರಡನೆಯದಕ್ಕೆ ಮುಂದೆ ಒಂದು x ಹಾಕಿ. xe³ˣ. ಮುಗಿಯಿತು.

ಯಾರೂ ಯಾಕೆ ಅಂತ ಕೇಳಲಿಲ್ಲ. ಕೊಟ್ಟ ತೀರ್ಥವನ್ನು ಕಣ್ಣಿಗೊತ್ತಿಕೊಂಡು ಕುಡಿದವರ ಹಾಗೆ ಬರೆದುಕೊಂಡೆವು. ಟೆಸ್ಟಿನಲ್ಲಿ ಅದೇ ಲೆಕ್ಕ ಬಂತು. ನಾನು x ಹಾಕಿದೆ, ಪೂರ್ತಿ ಅಂಕ.

ಮಾರನೇ ವಾರ ಮೇಡಂ ಕ್ಲಾಸಿನ ಕೊನೆಗೆ, "ತರೀಕೆರೇಲಿ ಕಾಲೇಜುಗಳ ಗಣಿತ ಸೆಮಿನಾರ್ ಇದೆ. ಒಂದು ಕಾಲೇಜಿಂದ ಒಬ್ರೇ. ವಿಷಯ ಇದೇ, ರಿಪೀಟೆಡ್ ರೂಟ್ಸ್. ನಮ್ಮ ಕಡೆಯಿಂದ ಹೆಚ್. ಆರ್. ಕಲ್ಲೇಶ್ ಹೋಗ್ತಾರೆ" ಅಂದರು. ಬೆಲ್ ಹೊಡೆಯಿತು, ಅವರು ಹೊರಟುಹೋದರು.

ನಾನು ಸುಮ್ಮನಿರುವ ಜಾತಿಯವನಲ್ಲ. ಮೊಬೈಲಿನಲ್ಲಿ ಸ್ಟೇಟಸ್ ಹಾಕಿದೆ. ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಕಟಿಂಗ್ ಶಾಪಿನಲ್ಲಿ, ಇದು ಬರೀ ತಾಲ್ಲೂಕು ಮಟ್ಟದ ಕಟಿಂಗ್ ಅಲ್ಲ, ತರೀಕೆರೆಗೆ ತಕ್ಕಂತೆ ಇರಲಿ ಅಂದೆ. ಸಂಜೆಯ ಹೊತ್ತಿಗೆ ಊರಿನ ನಾಯಿಗಳೂ ನನ್ನ ಕಡೆ ಬಾಲ ಅಲ್ಲಾಡಿಸುವ ರೀತಿ ಬದಲಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ:

"ಅಪ್ಪಾ, ನಿನ್ ಬಿಳೀ ಶರ್ಟ್ ಕೊಡು. ತರೀಕೆರೆಗೆ ಹಾಕ್ಕೊಂಡ್ ಹೋಗ್ಬೇಕು."

ಪಕ್ಕದಲ್ಲಿ ಮುದ್ದೆ ಮುರಿಯುತ್ತಿದ್ದ ಸಣ್ಕಲ್ಲ ತಲೆ ಎತ್ತಿದ. "ದೊಡ್ಡಪ್ಪ ಆ ಶರ್ಟ್ ನಂಗ್ ಕೊಡ್ತೀನಿ ಅಂದವ್ರೆ ಕಣೋ."

"ನಿಂಗ್ಯಾಕೋ?"

"ತರೀಕೆರೆಗೆ."

ಮನೆಯಲ್ಲಿ ಸಾರು ಬಡಿಸುತ್ತಿದ್ದ ಸೌಟು ನಿಂತಿತು. ನಮ್ಮಮ್ಮ ಚಿಕ್ಕಮ್ಮನ ಮುಖ ನೋಡಿದಳು, ಚಿಕ್ಕಮ್ಮ ಪಾತ್ರೆಯ ಮುಖ ನೋಡಿದಳು. ನಾನು ನಕ್ಕುಬಿಟ್ಟೆ. "ಲೇ, ಮೇಡಂ ಕಲ್ಲೇಶ್ ಅಂದ್ರು ಕಣೋ, ಸಣ್ಕಲ್ಲ ಅಂದ್ರಾ?"

ಅವನು ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದೆ. ಬರಲಿಲ್ಲ. ಮುದ್ದೆಯನ್ನು ಸಾರಿನಲ್ಲಿ ಅದ್ದುತ್ತ ಹೇಳಿದ: "ಕಾಲೇಜ್ ರಿಜಿಸ್ಟರ್‌ನಲ್ಲಿ ನಾನೂ ಕಲ್ಲೇಶನೇ. ಎಲ್ಲೂ ಇಲ್ದಿದ್ರೂ ಅಲ್ಲಿ. ಒಂದ್ ಸಲ ಆದ್ರೂ ನಾನೇ ಕಲ್ಲೇಶ ಆಗ್ಬೇಕು ಅಂತ ಆಸೆ ಕಣೋ ನಂಗೆ."

ಶರ್ಟಿನ ಮಾತು ಅಲ್ಲಿಗೇ ಬಿಟ್ಟು ನಾನೂ ಮುದ್ದೆ ಮುರಿದೆ. ನಾನು ಮಾತು ಬಿಟ್ಟುಕೊಡುವ ಸಂದರ್ಭಗಳು ಅಪರೂಪ, ಅದಕ್ಕೇ ಬರೆದಿಡುತ್ತಿದ್ದೇನೆ.

ಬೆಳಿಗ್ಗೆ ಇಬ್ಬರೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೆವು. ಮೇಡಂ ಕನ್ನಡಕದ ಮೇಲಿನಿಂದ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. "ಅಯ್ಯೋ ರಾಮ, ನೀವಿಬ್ರಿದೀರಲ್ಲ!" ಪೇಪರ್ ತಿದ್ದುವಾಗ ಎರಡನ್ನೂ ಒಂದೇ ಹುಡುಗನದು ಅಂದುಕೊಂಡಿದ್ದರಂತೆ. ಈ ಹುಡುಗ ಇಷ್ಟು ಆಸಕ್ತಿಯಿಂದ ಎರಡೆರಡು ಸಲ ಬರೆದಿದ್ದಾನಲ್ಲ ಅಂತ ಮೆಚ್ಚಿಕೊಂಡೇ ನಮ್ಮ ಹೆಸರು ಕೊಟ್ಟಿದ್ದು. ಅಂಕಗಳೂ ಸಮ, ಅಕ್ಷರವೂ ಹೆಚ್ಚುಕಡಿಮೆ ಸಮ. ಒಂದೇ ಮೇಷ್ಟ್ರ ಬೆತ್ತ ತಿಂದು ಕಲಿತ ಅಕ್ಷರ.

"ಸರಿ. ಬೋರ್ಡಿಗೆ ಬನ್ನಿ. x ಎಲ್ಲಿಂದ ಬಂತು ಅಂತ ಯಾರು ಹೇಳ್ತೀರೋ ಅವ್ರು ತರೀಕೆರೆಗೆ."

ನಾನು ಮೊದಲು ನುಗ್ಗಿದೆ. ಹುಟ್ಟಿದಾಗಿನಿಂದ ಇರುವ ಅಭ್ಯಾಸ. y ಇದ್ದ ಕಡೆ xe³ˣ ಇಟ್ಟೆ, ಒಂದು ಸಲ ಡಿಫರೆನ್ಶಿಯೇಟ್ ಮಾಡಿ ವೇಗ ತೆಗೆದೆ, ಎರಡನೇ ಸಲ ಮಾಡಿದೆ, ಎಲ್ಲ ಸೇರಿಸಿದೆ. ಸೊನ್ನೆ ಬಂತು. ಸೊನ್ನೆಯ ಸುತ್ತ ಇನ್ನೊಂದು ಸೊನ್ನೆ ಹಾಕಿ, ಚಾಕ್‌ಪೀಸನ್ನು ಗಾಳಿಗೆ ಎಸೆದು ಹಿಡಿದೆ. ಅಂದರೆ ಹಿಡಿಯಲು ಹೋದೆ. ಅದು ಮೇಡಂ ಟೀ ಲೋಟದಲ್ಲಿ ಬಿತ್ತು.

ಮೇಡಂ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಇದು x ಸರಿಹೋಗುತ್ತೆ ಅಂತ ತೋರಿಸ್ತು. ಎಲ್ಲಿಂದ ಬಂತು ಅಂತ ಹೇಳ್ಲಿಲ್ಲ. ಯಾರದೋ ಚಪ್ಪಲಿ ಕಾಲಿಗೆ ಸರಿ ಆಯ್ತು ಅಂದ್ರೆ ಅದು ನಿಂದೇ ಅಂತಲ್ಲ."

ಸಣ್ಕಲ್ಲ ಎದ್ದ. ಬೋರ್ಡಿಗೆ ಮುಖ ಮಾಡಿ, ನಮಗೆ ಬೆನ್ನು ಮಾಡಿ, ಗೋಡೆಗೆ ಗುಟ್ಟು ಹೇಳುವವನ ಹಾಗೆ ಶುರುಮಾಡಿದ. "ಮೇಡಂ, e³ˣ ಒಂದು ಸಿಕ್ತು. ಅದರ ಮುಂದೆ ಇರೋ ಕಾನ್‌ಸ್ಟೆಂಟನ್ನ ಯಾಕೆ ಕಟ್ಟಿಹಾಕ್ಬೇಕು? ಬಿಚ್ಚಿ ಬಿಡೋಣ, ಅದೂ ಬದಲಾಗ್ಲಿ." ಕಾನ್‌ಸ್ಟೆಂಟಿನ ಜಾಗದಲ್ಲಿ u ಅಂತ ಇಟ್ಟ, x ಜೊತೆ ಬದಲಾಗುವ u. y = ue³ˣ. ಡಿಫರೆನ್ಶಿಯೇಟ್ ಮಾಡಿದ. ಬೋರ್ಡಿನ ತುಂಬ u, u′, u″ ಗಳು ಸಂತೆಯ ಹಾಗೆ ಸೇರಿಕೊಂಡವು. ಇವನು ಇಲ್ಲೇ ಮುಳುಗುತ್ತಾನೆ ಅಂತ ನಾನು ಒಳಗೊಳಗೇ ಖುಷಿಪಟ್ಟೆ. ಆಮೇಲೆ ಒಂದೊಂದಾಗಿ ಹೊಡೆದುಹಾಕುತ್ತ ಬಂದ. 6u′ ಗೆ −6u′ ಹೋಯಿತು. 9u, −18u, 9u ಮೂರೂ ಹೋದವು. ಸಂತೆ ಪೂರ್ತಿ ಖಾಲಿಯಾಗಿ ಕೊನೆಗೆ ಉಳಿದದ್ದು ಒಂದೇ: u″ = 0.

"ಎರಡು ಸಲ ಡಿಫರೆನ್ಶಿಯೇಟ್ ಮಾಡಿದ್ರೆ ಸೊನ್ನೆ ಆಗೋದು ಏನು? ನೆಟ್ಟಗಿರೋ ಗೆರೆ. C₁ + C₂x. ಅಷ್ಟೇ ಮೇಡಂ. x ನಾವು ಹಾಕಿದ್ದಲ್ಲ, ಅದೇ ಬಂದಿದ್ದು."

ಮೂಲ ಎರಡು ಸಲ ಬಂದಿದ್ದಕ್ಕೇ ಅಲ್ಲಿ ಅಷ್ಟೆಲ್ಲ ಹೊಡೆದುಹೋದದ್ದು. 2, 5 ಥರದ ಬೇರೆ ಬೇರೆ ಮೂಲಗಳಿದ್ದರೆ ಒಂದು u′ ಉಳಿದುಕೊಂಡುಬಿಡುತ್ತಿತ್ತು, ನೆಟ್ಟಗಿನ ಗೆರೆ ಸಿಗುತ್ತಿರಲಿಲ್ಲ. ಇದು ನನಗೆ ಅವನು ಚಾಕ್ ಕೆಳಗಿಡುವ ಮೊದಲೇ ಹೊಳೆಯಿತು, ದಯವಿಟ್ಟು ಗಮನಿಸಿ. ಎಷ್ಟು ಚೆಂದ ಇತ್ತು ಅಂದರೆ, ಸೋಲುತ್ತಿದ್ದೇನೆ ಅನ್ನುವುದು ಒಂದು ಕ್ಷಣ ಮರೆತುಹೋಗಿ "ಆಹಾ" ಅಂದುಬಿಟ್ಟೆ. ಮೇಡಂ ತಿರುಗಿ ನೋಡಿದರು. "ಆಯ್ತಲ್ಲ, ತೀರ್ಪು ನೀನೇ ಕೊಟ್ಟೆ" ಅಂದರು.

ಸ್ಟೇಟಸ್ ತೆಗೆದುಹಾಕಿದೆ. ಅಷ್ಟರಲ್ಲಿ ಊರೆಲ್ಲ ನೋಡಿಯಾಗಿತ್ತು, ಅದು ಬಿಡಿ. ಮನೆಗೆ ಬಂದರೆ ಅಜ್ಜಿ ಜಗಲಿಯಲ್ಲೇ ಕಾಯುತ್ತಿದ್ದಳು.

"ಯಾವ್ ಯಜಮಾನ್ರು ಹೊಂಟ್ರಿ?"

"ಸಣ್ ಯಜಮಾನ್ರು."

"ಮತ್ತೆ ನೀವು?"

"ನಾನು ಬ್ಯಾಗ್ ಹಿಡ್ಕೊಂಡ್ ಹೋಗೋನು."

"ಹೋಗ್ರಿ. ಅವ್ರು ಬಾಯ್ ಬಿಡಲ್ಲ, ನೀವು ಬಾಯ್ ಮುಚ್ಚಲ್ಲ. ಅವ್ರಿಗೆ ಒಸಿ ಕಲ್ಸ್ರಿ."

ಅಜ್ಜಿ ಹೇಳಿದ್ದು ಸರಿಯಾಗಿತ್ತು. ಸಣ್ಕಲ್ಲ ಲೆಕ್ಕ ಬಲ್ಲ, ಜನರ ಮುಖ ನೋಡಲಾರ. ಹಾಗಾಗಿ ಒಂದು ವಾರ ಸಂಜೆ ನಾನು ಅವನ ಮೇಷ್ಟ್ರಾದೆ. ಕೊಬ್ಬರಿ ಸುಲಿಯುವ ಶೆಡ್ಡಿನ ಬಾಗಿಲೇ ಬೋರ್ಡು. ಸಭಿಕರು ಅಂತ ಅಜ್ಜಿ, ಒಂದು ಎಮ್ಮೆ, ಅದರ ಕರು. "ಎಮ್ಮೆ ಕಣ್ಣು ನೋಡ್ಕೊಂಡ್ ಮಾತಾಡೋ, ಲೇ! ಎಮ್ಮೆಗೇ ಹೆದರ್ತೀಯ, ತರೀಕೆರೆ ಪ್ರೊಫೆಸರ್ ಎದುರು ಏನ್ ಮಾಡ್ತೀಯ?" ಅಂತ ನಾನು ಕೂಗುವುದು. ಅವನು ಮತ್ತೆ ಬಾಗಿಲ ಕಡೆ ತಿರುಗುವುದು. ಅಜ್ಜಿ ಎಲೆಯಡಿಕೆ ಮಡಿಚುತ್ತ, "ಸಣ್ ಯಜಮಾನ್ರೇ, ಕದಕ್ಕೆ ಕಿವಿ ಇಲ್ಲ, ನಮಗೈತೆ. ಇತ್ಲಾಗ್ ತಿರುಗ್ರಿ" ಅನ್ನುವುದು. ವಾರದ ಕೊನೆಗೆ ಅವನು ಎಮ್ಮೆಯ ಮುಖ ನೋಡುತ್ತ u″ = 0 ತನಕ ಬಂದ. ಎಮ್ಮೆ ಒಂದು ಸಲ ತಲೆ ಆಡಿಸಿತು. ನೊಣಕ್ಕೆ ಇರಬಹುದು, ಆದರೆ ನಾವು ಒಪ್ಪಿಗೆ ಅಂತಲೇ ತೆಗೆದುಕೊಂಡೆವು.

ತರೀಕೆರೆಯ ಆ ಹಾಲ್ ದೊಡ್ಡದು. ಫ್ಯಾನುಗಳು ನಮ್ಮ ಶೆಡ್ಡಿನ ಮೋಟಾರಿನ ಹಾಗೆ ಗುಂಯ್‌ಗುಡುತ್ತಿದ್ದವು. ಅಜ್ಜಂಪುರದಿಂದ ಬಂದ ಒಬ್ಬಳು ಹುಡುಗಿ ಲ್ಯಾಪ್‌ಟಾಪ್ ತಂದಿದ್ದಳು. ಪರದೆಯ ಮೇಲೆ ಗೆರೆಗಳು ಬಣ್ಣಬಣ್ಣವಾಗಿ ಏರುತ್ತ ಇಳಿಯುತ್ತ ಕುಣಿದವು. ಸ್ಪಷ್ಟವಾಗಿ, ಚೆನ್ನಾಗಿ ಮಾತಾಡಿದಳು. ಇನ್ನು ನಮ್ಮದು ಮುಗಿದ ಹಾಗೇ ಅಂದುಕೊಂಡೆ. ಆಮೇಲೆ ಅಪ್ಪನ ಬಿಳಿ ಶರ್ಟ್ ತೊಟ್ಟ ಸಣ್ಕಲ್ಲ ಹೋಗಿ ನಿಂತ. ತೋಳು ಮೊಣಕೈಯ ಹತ್ತಿರಕ್ಕೆ ಬಂದಿತ್ತು. ನಾನು ಮೂರನೇ ಸಾಲಿನಲ್ಲಿ ಕೂತು ಅವನ ಕಣ್ಣಿಗೆ ಬೀಳುವ ಹಾಗೆ ಮುಖವನ್ನು ಆದಷ್ಟು ಎಮ್ಮೆಯ ಥರ ಇಟ್ಟುಕೊಂಡೆ. ಅವನು ನನ್ನನ್ನೇ ನೋಡುತ್ತ ಮಾತು ಶುರುಮಾಡಿ u″ = 0 ತನಕ ಬಂದ. ಅಲ್ಲಲ್ಲಿ ಜನ "ಓಹ್" ಅಂದರು.

ಆಗ ತೀರ್ಪುಗಾರರಲ್ಲಿ ಒಬ್ಬರು, ಬಿಳಿ ಮೀಸೆಯ ಹಿರಿಯರು, ಕೈ ಎತ್ತಿದರು. "ಏನಪ್ಪಾ, ಎಲ್ಲ ಸರಿ. ಆದ್ರೆ x ಸೊನ್ನೆ ಇದ್ದಾಗ ನಿನ್ನ ಎರಡನೇದು, xe³ˣ, ಪೂರ್ತಿ ಸೊನ್ನೆ. ಶುರುವಿನಲ್ಲೇ ಇಲ್ಲದೇ ಇರೋದನ್ನ ಕಟ್ಕೊಂಡು ಏನ್ ಮಾಡ್ತೀಯ?"

ಇದನ್ನು ನಾವು ಶೆಡ್ಡಿನಲ್ಲಿ ಅಭ್ಯಾಸ ಮಾಡಿರಲಿಲ್ಲ. ಎಮ್ಮೆ ಈ ಪ್ರಶ್ನೆ ಕೇಳಿರಲಿಲ್ಲ. ಸಣ್ಕಲ್ಲನ ಕೈ ಶರ್ಟಿನ ಗುಂಡಿಗೆ ಹೋಯಿತು. ನನಗೆ ಎದ್ದು ನಿಂತು ಕೂಗಬೇಕು ಅನ್ನಿಸಿತು. ಏನಂತ ಕೂಗುವುದು ಅಂತ ಗೊತ್ತಿಲ್ಲದ್ದರಿಂದ ಕೂತಲ್ಲೇ ಉಳಿದೆ. ಅವನು ಬೋರ್ಡಿನ ಕಡೆ ಅರ್ಧ ತಿರುಗಿದ. ಹೋಯಿತು, ಇನ್ನು ಗೋಡೆಗೇ ಹೇಳುತ್ತಾನೆ ಅಂದುಕೊಂಡೆ. ಆದರೆ ಹಾಗೇ ಮತ್ತೆ ಈಚೆ ತಿರುಗಿದ.

"ಸಾರ್, ಅದು ನಿಂತಿರೋ ಜಾಗ ಸೊನ್ನೆ. ಹೊರಟಿರೋ ವೇಗ ಸೊನ್ನೆ ಅಲ್ಲ."

ಹಿರಿಯರು ಮುಂದಕ್ಕೆ ಬಾಗಿದರು. "ಮುಂದುವರಿಸು."

"ಶುರುವಿನಲ್ಲಿ ಮೊದಲ್ನೇದೇ ಎಲ್ಲ ಸಾರ್. ಎರಡನೇದು ಇದ್ಯೋ ಇಲ್ವೋ ಅನ್ಸುತ್ತೆ. x ಒಂದಕ್ಕೆ ಬಂದಾಗ ಇಬ್ರೂ ಸಮ. ಒಂದು ದಾಟಿದ್ಮೇಲೆ..." ಅಂದು ಮೂರನೇ ಸಾಲಿನ ಕಡೆ ನೋಡಿದ. ತುಟಿಯ ಒಂದು ಮೂಲೆಯಲ್ಲಿ ನಗು. ಅದನ್ನು ನಾನು ಚಿಕ್ಕಂದಿನಿಂದ ಬಲ್ಲೆ, ಗೋಲಿ ಗೆದ್ದಾಗ ಮಾತ್ರ ಬರುವಂಥದು. "ದಾಟಿದ್ಮೇಲೆ ಎರಡನೇದೇ ಮುಂದೆ ಸಾರ್."

ಹಾಲ್ ನಕ್ಕಿತು. ಯಾಕೆ ನಕ್ಕೆವು ಅಂತ ಪೂರ್ತಿ ಗೊತ್ತಿದ್ದವರು ಇಬ್ಬರೇ, ಅದರಲ್ಲಿ ಒಬ್ಬನ ಕಿವಿ ಬಿಸಿಯಾಗಿತ್ತು.

ಸಂಜೆ ಬಹುಮಾನ ಹೇಳಿದರು. ಮೊದಲನೆಯದು ಅಜ್ಜಂಪುರದ ಹುಡುಗಿಗೆ. ಹುಡುಗಿ ಹೋದಳು, ಜನ ಕೂತಲ್ಲೇ ಚಪ್ಪಾಳೆ ತಟ್ಟಿದರು. ಆಮೇಲೆ ಮೈಕು ಹೇಳಿತು: "ಎರಡನೇ ಬಹುಮಾನ, ಕಡೂರಿನಿಂದ ಹೆಚ್. ಆರ್. ಕಲ್ಲೇಶ್!"

ನಾನು ಎದ್ದು ನಿಂತೆ.

ನಾನಾಗಿ ಏಳಲಿಲ್ಲ, ಕಾಲು ಎದ್ದವು. ಹೆಸರು ಕೂಗಿದರೆ ಏಳಬೇಕು ಅಂತ ಹತ್ತೊಂಬತ್ತು ವರ್ಷದಿಂದ ತಿಳಿದುಕೊಂಡಿದ್ದ ಕಾಲು. ಇಡೀ ಹಾಲಿನಲ್ಲಿ ಒಬ್ಬನೇ ನಿಂತಿದ್ದೇನೆ. ವೇದಿಕೆಯ ಮೆಟ್ಟಿಲಿನಲ್ಲಿ ಸಣ್ಕಲ್ಲ ಒಂದು ಹೆಜ್ಜೆ ಮೇಲಿಟ್ಟು ನನ್ನನ್ನು ನೋಡುತ್ತ ನಿಂತಿದ್ದಾನೆ, ಇನ್ನೊಂದು ಕಾಲು ಎತ್ತುವುದೋ ಬೇಡವೋ ಅಂತ. ಈಗ ಕೂತರೆ ಮಾನ ಹೋಗುತ್ತದೆ. ನಿಂತರೆ ಏನಾದರೂ ಮಾಡಬೇಕು. ಎರಡೂ ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದೆ. ತೆಂಗಿನ ಮಟ್ಟೆ ಬಡಿದ ಹಾಗೆ ಸದ್ದು. ನನ್ನ ಹಿಂದಿದ್ದವರು, ಓಹೋ, ಇದು ಎದ್ದು ತಟ್ಟುವಂಥ ಬಹುಮಾನ ಅಂದುಕೊಂಡು ಎದ್ದರು. ಅವರ ಹಿಂದಿನವರಿಗೆ ವೇದಿಕೆ ಕಾಣದೆ ಅವರೂ ಎದ್ದರು. ಬಿಳಿ ಮೀಸೆಯ ಹಿರಿಯರೂ ಎದ್ದರು. ಎರಡನೇ ಬಹುಮಾನಕ್ಕೆ ಇಡೀ ಹಾಲ್ ಎದ್ದು ನಿಂತಿತು. ಮೊದಲ ಬಹುಮಾನದ ಹುಡುಗಿ ಕಪ್ ಹಿಡಿದುಕೊಂಡು ನನ್ನನ್ನು ನೋಡಿದ ನೋಟ ಇನ್ನೂ ನನ್ನ ಬೆನ್ನಿಗೆ ಅಂಟಿಕೊಂಡಿದೆ.

ಸಣ್ಕಲ್ಲ ಮೆಟ್ಟಿಲು ಹತ್ತಿ ಹೋಗಿ ತಗೊಂಡ. ತಲೆ ತಗ್ಗಿಸದೆ, ಎಲ್ಲರ ಮುಖ ನೋಡುತ್ತ.

ವಾಪಸ್ ಬರುವಾಗ ಬಸ್ಸು ಬೀರೂರು ದಾಟಿತು. ಸಣ್ಕಲ್ಲ ಭುಜದಿಂದ ನನ್ನನ್ನು ನೂಕಿದ.

"ನೀನು ಚಪ್ಪಾಳೆ ತಟ್ಟಕ್ಕೆ ಎದ್ದಿದ್ದಲ್ಲ ಕಣೋ."

"ಮತ್ಯಾಕ್ ಎದ್ದೆ?"

"ಹೆಸರಿಗೆ ಎದ್ದಿದ್ದು. ನಂಗೊತ್ತಿಲ್ವಾ?"

ಸುಳ್ಳು ಹೇಳಬಹುದಿತ್ತು. ನನಗೆ ಅದು ಕಷ್ಟದ ಕೆಲಸವೇನಲ್ಲ.

"ಎದ್ದಿದ್ದು ಹೆಸರಿಗೇ ಇರ್ಬೋದು," ಅಂದೆ. "ತಟ್ಟಿದ್ದು ನಿಂಗೇ ಕಣೋ, ಕಲ್ಲೇಶ."